ಕುಣಿಗಲ್ ಜೀಪಿನ ಕ್ಲಚ್ ಒತ್ತಿದವರು ಯಾರು?

ಮೊನ್ನೆ ನನ್ನ ಮೊಮ್ಮಗಳು ಮೊದಲ ಹೆಜ್ಜೆ ಇಟ್ಟಳು. ಆ ಖುಷಿಗೆ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಬಾಯಿಗೆ ಸಕ್ಕರೆ ಹಾಕಿದೆ. ಮನಸ್ಸು ಹೀಗೆ ತುಂಬಿ ಬಂದಾಗ ತಳದಲ್ಲಿದ್ದ ಕಹಿಯೂ ಮೇಲೆ ಬರುತ್ತದೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ಕತೆ ಕಟ್ಟಲು ಬರುವುದಿಲ್ಲ. ನನ್ನ ಕಣ್ಣಿಗೆ ಕಂಡದ್ದು ಇದು...

ತೊಂಬತ್ತರ ದಶಕದ ಕೊನೆ. ಶಿರಾ ಗೇಟ್ ಹತ್ತಿರ ನನ್ನ ಜೀಪ್ ಗ್ಯಾರೇಜು. ನನಗಿಂತ ಹಿರಿಯ ಬಸಣ್ಣ ಜೊತೆಗಾರ. ಸದಾ ಬಾಯಲ್ಲಿ ಎಲೆ, ಹೊಗೆಸೊಪ್ಪು.

ಕ್ಲಚ್ ಸದ್ದು ಹಿಡಿಯಲು ಇಬ್ಬರು ಬೇಕು. ಒಬ್ಬ ಮೇಲೆ ಕೂತು ಪೆಡಲ್ ಒತ್ತಬೇಕು. ಇನ್ನೊಬ್ಬ ಜೀಪಿನಡಿ ಮಲಗಿ, ಉದ್ದದ ಸ್ಕ್ರೂಡ್ರೈವರನ್ನು ಗೇರ್‌ಬಾಕ್ಸಿಗೆ ಆನಿಸಿ, ಅದರ ಹಿಡಿಗೆ ಕಿವಿ ಕೊಡಬೇಕು. ನಾನು ಕೆಳಗಿನಿಂದ "ಒತ್ತು" ಅನ್ನುತ್ತಿದ್ದೆ, "ಬುಡು" ಅನ್ನುತ್ತಿದ್ದೆ. ಬಸಣ್ಣ ಹಾಗೇ ಮಾಡುತ್ತಿದ್ದ.

ಕುಣಿಗಲ್ಲಿನ ಹಳೇ ಫೋರ್-ವೀಲ್ ಜೀಪೊಂದಕ್ಕೆ ಅವನು ಹೊಸ ಕ್ಲಚ್ ಬೇರಿಂಗ್ ಹಾಕಿದ. ಎಂಟೇ ದಿನಕ್ಕೆ ಅದು ಮತ್ತೆ ಕಿರುಗುಟ್ಟುತ್ತಾ ಬಂತು. ಓನರ್ ಕೂಗಾಡಿದ. ನನಗೆ ತಲೆ ಕೆಟ್ಟಿತು.

"ಹೊಸದನ್ನ ಮಾರ್ಕೊಂಡು ಹಳೇದನ್ನೇ ತುರುಕಿದ್ದೀಯ, ಕಳ್ಳ!"

"ಒಂದ್ಸಲ ಕೆಳಗೆ ಮಲಗಿ ಕೇಳೋ... ಇದು ಗೇರ್‌ಬಾಕ್ಸ್ ಸದ್ದು ಕಣೋ," ಅಂದ ಬಸಣ್ಣ.

"ನಡಿಯಲೇ ಆಚೆ!"

ಗಿರಾಕಿಗಳೆಲ್ಲ ನೋಡುತ್ತಿದ್ದರು. ಅವನು ಕೈ ಒರೆಸಿಕೊಂಡು ಹೊರಟುಹೋದ. ಓನರ್ ಕೂಡ ಜೀಪ್ ತೆಗೆದುಕೊಂಡು ಹೋದ. ಎರಡು ತಿಂಗಳಿಗೆ ಅವನ ಊರು ಬೆಳ್ಳಾವಿಯಿಂದ ಸುದ್ದಿ ಬಂತು, ಬಸಣ್ಣ ಇಲ್ಲ ಅಂತ. ನಾನು ಮಣ್ಣಿಗೂ ಹೋಗಲಿಲ್ಲ.

ಆಮೇಲೆ ಒಂದು ಸಂಜೆ ಅದೇ ಓನರ್ ಅದೇ ಜೀಪ್ ತಂದ. "ಯಾರ್ ಕೈಲೂ ಆಗ್ಲಿಲ್ಲ ಗುರು, ನೀನೇ ನೋಡು," ಅಂದು ಬಿಟ್ಟುಹೋದ.

ಕತ್ತಲಾಯಿತು. ಕರೆಂಟೂ ಹೋಯಿತು. ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ, ಟಾರ್ಚ್ ಹಿಡಿದು ಒಬ್ಬನೇ ಅಡಿಗೆ ತೂರಿದೆ. ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟೆ. ಕರ್ರ್... ಕರ್ರ್...

ಹಳೇ ಅಭ್ಯಾಸ. "ಒತ್ತು" ಅಂದುಬಿಟ್ಟೆ.

ಮೂಗಿನ ಮುಂದೆಯೇ ಕ್ಲಚ್ಚಿನ ಫೋರ್ಕ್ ಮೆಲ್ಲಗೆ ಸರಿಯಿತು... ಸದ್ದು ನಿಂತಿತು.

ಪೆಡಲ್ ಒತ್ತದೆ ಆ ಫೋರ್ಕ್ ಅಲುಗುವುದಿಲ್ಲ. ಡೀಸೆಲ್ ಹೊಗೆಯ ನಡುವೆ ಹೊಗೆಸೊಪ್ಪಿನ ಘಾಟು ಬಂತು.

"ಬು... ಬುಡು."

ಫೋರ್ಕ್ ಹಿಂದಕ್ಕೆ ಬಂತು. ಕರ್ರ್... ಕರ್ರ್...

ಒತ್ತಿದಾಗ ನಿಲ್ಲುವ ಸದ್ದು ಕ್ಲಚ್ ಬೇರಿಂಗಿನದಲ್ಲ, ಗೇರ್‌ಬಾಕ್ಸಿನದು. ಹೇಗೋ ಹೊರಗೆ ತೆವಳಿ ಟಾರ್ಚ್ ಬೆಳಕು ಬಿಟ್ಟು ನೋಡಿದೆ. ಸೀಟು ಖಾಲಿ.

ಬೆಳಿಗ್ಗೆ ಗೇರ್‌ಬಾಕ್ಸ್ ಇಳಿಸಿದೆ. ಬಸಣ್ಣ ಹಾಕಿದ ಹೊಸ ಬೇರಿಂಗ್ ಥಳಥಳ ಅನ್ನುತ್ತಾ ಅಲ್ಲೇ ಕೂತಿತ್ತು. ಅದನ್ನು ಹಿಡಿದು ಬೆಳ್ಳಾವಿಗೆ ಹೋದೆ. ಅವನ ಹೆಂಡತಿ ಗಂಗಮ್ಮನಿಗೆ ನಡೆದದ್ದೆಲ್ಲ ಹೇಳಿದೆ.

"ಕಳ್ಳನ ಹೆಂಡ್ತಿ ಅಂತ ಜನ ಆಡ್ಕೊಳ್ವಾಗ ಬರ್ಬೇಕಿತ್ತಣ್ಣ," ಅಂದಳು. ಬೇರಿಂಗ್ ಮುಟ್ಟಲಿಲ್ಲ. ಆಮೇಲೆ ಪಿಸುಗುಟ್ಟಿದಳು, "ಅವ್ರು ಏನಾರ ಅಂದ್ರಾ?"

"ಇಲ್ಲ ಕಣಮ್ಮ. ಹೇಳ್ದಷ್ಟು ಮಾಡ್ದ."

"ಬೈಯ್ಲೂ ಇಲ್ವಾ?"

ಇಲ್ಲ ಎಂದು ತಲೆಯಾಡಿಸಿದೆ. ಬೈದಿದ್ದರೆ ಇಷ್ಟು ವರ್ಷ ನಾನು ಹೀಗೆ ಹೆದರುತ್ತಿರಲಿಲ್ಲವೇನೋ...