ಮಲ್ಲೇಶಪ್ಪನ ಹುಳಗಳು

ಮಲ್ಲೇಶಪ್ಪ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಉಳಿದ ದಿನವೆಲ್ಲ ಕೂಗೇ. ದಾವಣಗೆರೆಯ ಹೊಲಸು ನೀರು ಬಂದು ಸೇರುವ ಶುದ್ಧೀಕರಣ ಘಟಕದಲ್ಲಿ ಗಾಳಿ ಊದುವ ಮಷಿನ್ನಿನ ಪಕ್ಕ ನಿಂತು ನಿಂತು ಅವನ ಗಂಟಲು ಹಾಗಾಗಿತ್ತು. ನನ್ನ ಗಂಡ ಸತ್ತ ದಿನ ಬಂದವನು ಹೆಣದ ಮುಂದೆ ನಿಂತು, "ಅಕ್ಕಾ, ಚಾ ಕುಡಿದ್ಯಾ?" ಅಂದ. ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ತಿರುಗಿ ನೋಡಿದರು. ನಾನು ಕುಡಿದಿರಲಿಲ್ಲ. ಕೇಳಿದವನೂ ಅವನೊಬ್ಬನೇ.

ಹರಿಹರದವನು. ದಿನಾ ಬಸ್ಸಿಗೆ ಬರುತ್ತಿದ್ದ. ಘಟಕದ ನೀರು ಹೊರಬೀಳುವ ಹಳ್ಳದ ದಂಡೆಗೆ ನನ್ನ ಸೊಪ್ಪಿನ ಮಡಿ, ಎಮ್ಮೆಯ ಕೊಟ್ಟಿಗೆ. ಕೆಳಗೆ ಇನ್ನೂ ನಾಲ್ಕಾರು ಮನೆಯವರು ಅದೇ ನೀರಿಗೆ ಪಾಲಕ್, ಕೊತ್ತಂಬರಿ ಬೆಳೆಯುತ್ತಿದ್ದರು. ಕರೆಂಟು ಹೋಗಿ ಮಷಿನ್ನು ನಿಂತರೆ ಮಲ್ಲೇಶಪ್ಪ ಹಳ್ಳದ ಏರಿ ಮೇಲೆ ಬಂದು, "ಇವತ್ತು ನೀರು ಮುಟ್ಟಬ್ಯಾಡ್ರಿ" ಅಂತ ಕೂಗುವನು. ನಾವು ಮುಟ್ಟುತ್ತಿರಲಿಲ್ಲ. ನೀರಿನ ಗುಣ ತಿಳಿಯಲು ನಮಗೆ ಬೇರೆ ದಾರಿ ಇರಲಿಲ್ಲ.

ಅವನ ಪ್ರಕಾರ ನೀರು ತಿಳಿ ಮಾಡುವುದು ಮಷಿನ್ನಲ್ಲ, ಕಣ್ಣಿಗೆ ಕಾಣದ ಹುಳ.

"ಹೊಲಸು ತಿನ್ನೋದು ಅವೇ ಅಕ್ಕಾ. ನಾನು ಬರೇ ಗಾಳಿ ಕೊಡ್ತೀನಿ. ನಿನಗೆ ಎಮ್ಮೆ ಹೆಂಗೋ ನನಗೆ ಅವು ಹಂಗೆ."

"ನನ್ನ ಎಮ್ಮೆ ಹಾಲು ಕೊಡ್ತೈತೆ."

"ನನ್ನವು ಸಂಬಳ ಕೊಡ್ತಾವೆ."

ಇಂಥವನೇ ಒಂದು ವರ್ಷ ಆಯುಧಪೂಜೆಗೆ ಕೆಟ್ಟ. ಮೇಲಿನ ಸಾಹೇಬರು ಬರುತ್ತಾರೆಂದು ಸುದ್ದಿಯಿತ್ತು. ಹಬ್ಬಕ್ಕೆ ಮನೆ ತೊಳೆದ ಹಾಗೆ ಹುಳ ಇರುವ ತೊಟ್ಟಿಯ ಗೋಡೆಯನ್ನೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ. ವಾಸನೆ ಇರಬಾರದೆಂದು ಉಳಿದ ಚೀಲಗಳನ್ನೂ ತೊಟ್ಟಿಗೇ ಸುರಿದ. ಮಷಿನ್ನಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಮಂಡಕ್ಕಿ ಹಂಚಿದ. ಸಾಹೇಬರು ಮೆಚ್ಚಿಕೊಂಡು ಹೋದರು. ಹುಳ ಅಷ್ಟೂ ಸತ್ತವು.

ಮಾರನೆಯ ಬೆಳಗ್ಗೆ ಡ್ರಮ್ಮು ಹಿಡಿದು ನನ್ನ ಕೊಟ್ಟಿಗೆಗೆ ಬಂದ. ಹುಳ ಮತ್ತೆ ಹುಟ್ಟಬೇಕಾದರೆ ತೊಟ್ಟಿಗೆ ಸಗಣಿ ಕದಡಬೇಕಂತೆ.

"ಊರ ಹೊಲಸು ಸಾಲಲಿಲ್ಲೇನೋ, ನನ್ನ ಎಮ್ಮೇದೂ ಬೇಕಾ?"

ನಗಲಿಲ್ಲ. ಹತ್ತಿರ ಬಂದು ಪಿಸುಗುಟ್ಟಿದ. "ಹುಳ ಸತ್ತಾವಕ್ಕಾ. ಹೊಲಸು ಹಂಗಂಗೇ ಹಳ್ಳಕ್ಕೆ ಹೋಗಾಕತ್ತೈತೆ. ಹೊರಗೆ ಗೊತ್ತಾದ್ರೆ ಕೆಲಸ ಬಿಡಿಸ್ತೀನಿ ಅಂದಾನೆ ಗುತ್ತಿಗೆದಾರ. ನೀನು ನೀರು ಹಾಯಿಸಬ್ಯಾಡ. ಯಾರಿಗೂ ಹೇಳಬ್ಯಾಡ."

"ಕೆಳಗಿನೋರು ಈಗ ಹಾಯಿಸಾಕತ್ಯಾರೆ. ಆ ಕೊತ್ತಂಬರಿ ನಾಳೆ ವಿದ್ಯಾನಗರದ ಹಾಸ್ಟೆಲ್ ಹುಡುಗ್ರು ಹಸೀದೇ ತಿಂತಾರೆ. ನನಗೊಬ್ಬಾಕಿಗೆ ಯಾಕ ಹೇಳಿದಿ?"

ಅವನು ಡ್ರಮ್ಮನ್ನೇ ನೋಡುತ್ತ ನಿಂತ. ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಳು. ಈ ಸಂಬಳ ಬಿಟ್ಟರೆ ಅವಳ ಔಷಧಿಗೆ ಬೇರೆ ದಾರಿ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಸಗಣಿ ತುಂಬಿಕೊಟ್ಟೆ.

ಡ್ರಮ್ಮು ಹೊತ್ತು ಏರಿ ಹತ್ತಿದವನು ಅದನ್ನು ಕೆಳಗಿಟ್ಟ. ಹಳ್ಳದ ಕಡೆ ತಿರುಗಿ ಕೂಗಿದ. "ನೀರು ಮುಟ್ಟಬ್ಯಾಡ್ರಿ. ನಂದೇ ತಪ್ಪು. ನಾನು ಹೇಳೋತನಕ ಮುಟ್ಟಬ್ಯಾಡ್ರಿ."

ಹುಳ ಹುಟ್ಟಿದವು. ನೀರು ತಿಳಿಯಾದದ್ದನ್ನೂ ಬಂದು ಕೂಗಿ ಹೇಳಿದ. ಅದೇ ವಾರ ಅವನನ್ನು ತೆಗೆದರು.

ಹೊಸಬರು ಕೆಟ್ಟವರಲ್ಲ. ಮೊಬೈಲು ನೋಡುತ್ತ ಒಳಗಿರುತ್ತಾರೆ, ಏರಿ ಮೇಲೆ ಬರುವುದಿಲ್ಲ.

ಆಮೇಲೆ ಒಂದು ಸಲ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಗುತ್ತೂರಿನ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ವಾಚ್‌ಮನ್ ಆಗಿದ್ದ.

"ನೀರು ಹೆಂಗೈತಕ್ಕಾ?"

"ಯಾರಿಗ್ಗೊತ್ತು. ಸೊಪ್ಪು ಬಿಟ್ಟೆ. ಚೆಂಡುಹೂವು ಹಾಕೀನಿ."

"ದೇವ್ರಿಗೆ ಏರಿಸ್ತಾರಲ್ಲ ಅದನ್ನ?"

"ದೇವ್ರು ತಿನ್ನಲ್ಲ ಬಿಡು."

ಅವನು ಏನೋ ಹೇಳಬೇಕೆಂದಿದ್ದ. ಅಷ್ಟರಲ್ಲಿ ಗುತ್ತೂರು ಬಸ್ಸು ಬಂತು.

ಅವನು ಸತ್ತದ್ದು ನನಗೆ ತಿಳಿದಾಗ ತಿಂಗಳಾಗಿತ್ತು. ಈಗ ಮನೆಗೆ ಸೊಪ್ಪನ್ನು ನಾನೂ ಸಂತೆಯಲ್ಲೇ ಕೊಳ್ಳುತ್ತೇನೆ. ಯಾವ ನೀರಿಗೆ ಬೆಳೆದದ್ದೆಂದು ಕೇಳಿದರೆ ಮಾರುವವಳು ನಗುತ್ತಾಳೆ.