ಗಾಜಿನಾಚೆ ಕೂತ ಸಾಹೇಬ್ರು

ಕಲಬುರಗಿಯಾಗ ನಂದು ಗಾಜಿನ ಅಂಗಡಿ ಅದ. ನಾ ಕೂಡಿಸಿದ ಗಾಜು ಎಲ್ಲದ ಅಂತ ಮುಟ್ಟಿ ನೋಡಬೇಕು, ಅಷ್ಟು ಸಾಫ್. ಇದಕ್ಕ ಸೊಕ್ಕು ಅಂದ್ರೂ ಅನ್ರಿ.

ಕಮಲಾಪುರದ ಒಂದು ಆಫೀಸಿನಾಗ ಸಾಹೇಬ್ರ ಖೋಲಿಯ ಇಟ್ಟಂಗಿ ಗ್ವಾಡಿ ತೆಗೆದು ಗಾಜಿನ ಪಾರ್ಟಿಷನ್ ಕೂಡಿಸಿದ್ದೆ. ಕಡೀಗೊಮ್ಮೆ ಒರಸಾಕತ್ತಾಗ ವಯಸ್ಸಾದ ಹೆಣ್ಣುಮಗಳೊಬ್ಬಳು ಬಂದು ಜವಾನನ್ನ ಕೇಳಿದ್ಲು, "ಸಾಹೇಬ್ರು ಅದಾರೇನಪಾ?"

ಜವಾನ ರೂಢಿಯಂಗ ತಲಿ ಎತ್ತದೇ ಅಂದ, "ಇಲ್ಲಬೇ ಯವ್ವಾ, ಮೀಟಿಂಗಿಗೆ ಹೋಗ್ಯಾರ."

ಸಾಹೇಬ್ರು ಅವನ ಬೆನ್ನ ಹಿಂದೇ, ಗಾಜಿನಾಚೆ ಕೂತು ಕೆಂಪು ಬಾಳಿಹಣ್ಣು ಸುಲಿಯಾಕತ್ತಿದ್ರು.

"ಮತ್ತ ಬಾಳಿಹಣ್ಣು ಹಿಡಕೊಂಡು ಕೂತಾರಲ್ಲ, ಅವರು ಯಾರು?"

ಜವಾನ ತಿರುಗಿ ನೋಡಿದ. ಸಾಹೇಬ್ರೂ ನೋಡಿದ್ರು. ಬ್ಯಾರೆ ದಾರಿ ಇಲ್ಲದೇ, ಹಣ್ಣು ಹಿಡಿದ ಕೈಲೇ ಆಕೀನ ಒಳಗ ಕರೆದ್ರು. ಎಷ್ಟೋ ದಿನದಿಂದ ತಿರುಗಿಸಾಕತ್ತಿದ್ದ ಕೆಲಸ ಒಂದೇ ಸಹಿಗೆ ಮುಗೀತು. ಆಕಿ ಹೊರಗ ಬಂದು ಗಾಜು ಸವರಿ, "ಛಲೋ ಗ್ವಾಡಿ ಕಟ್ಟೀದಿ ನೋಡಪಾ, ಸುಳ್ಳು ಹೇಳಂಗಿಲ್ಲ ಇದು" ಅಂದ್ಲು. ನನ್ನ ಎದಿ ಉಬ್ಬಿತು.

ಆಕಿ ಹೋದ ಮ್ಯಾಲ ಸಾಹೇಬ್ರು ನನ್ನ ಕರೆದು ಮೆಲ್ಲಗ ಕೇಳಿದ್ರು, "ಆಚೆ ಕಾಣದಂಗ ಗಾಜಿಗೆ ಬಿಳಿ ಫಿಲ್ಮ್ ಅಂಟಿಸ್ತಾರಲ್ಲ, ಅದು ಸಿಗ್ತದೇನು?"

"ಇಲ್ಲರಿ ಸಾಹೇಬ್ರ, ಸ್ಟಾಕ್ ಮುಗದದ," ಅಂದೆ.

ಫಿಲ್ಮಿನ ಸುರುಳಿ ಹೊರಗ ನಿಂತ ನನ್ನ ಗಾಡಿಯಾಗೇ ಇತ್ತು. ಪುಣ್ಯಕ್ಕ, ಗಾಡಿಗೆ ತಾಡಪತ್ರಿ ಹೊಚ್ಚಿದ್ದೆ.