ಕರಾರಕ್ಕನ ಮಹಡಿ ಕೋಣೆ

ನೋಂದಣಿ ಕಚೇರಿಯ ಎದುರು ಬಾಡಿಗೆ ಕರಾರು ಟೈಪ್ ಮಾಡುವವರು ಆರೇಳು ಮಂದಿ ಇದ್ದಾರೆ. ಜನ ಹುಡುಕಿಕೊಂಡು ಬರುವುದು ಮಾತ್ರ ನಮ್ಮ ಕರಾರಕ್ಕನನ್ನೇ. ಪಕ್ಕದ ಮೇಜಿನಲ್ಲಿ ಅರ್ಜಿ ಬರೆಯುವ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು.

ಮಾಲೀಕರು ಎದುರು ಕೂತರೆ ಅವಳು ಕಣ್ಣು ಮುಚ್ಚಿ, "ಬಾಗಿಲು ತೆಗೀರಿ" ಎನ್ನುತ್ತಾಳೆ. ಅವರು ಮನೆಯನ್ನು ವರ್ಣಿಸಿದಂತೆ ಇವಳು ಕೂತಲ್ಲೇ ಅದರೊಳಗೆ ನಡೆಯುತ್ತಾಳೆ. ನಲ್ಲಿ ಸೋರಿದರೆ ರಿಪೇರಿ ಯಾರದು, ಗೋಡೆಗೆ ಮೊಳೆ ಹೊಡೆಯಬಹುದೇ, ಖಾಲಿ ಮಾಡುವುದಾದರೆ ಎಷ್ಟು ತಿಂಗಳು ಮುಂಚೆ ಹೇಳಬೇಕು, ಎಲ್ಲವನ್ನೂ ಆಯಾ ಕೋಣೆಯಲ್ಲಿ ನಿಂತೇ ಕೇಳುತ್ತಾಳೆ. ಕಿಟಕಿಯ ಬಳಿ ಬಂದರಂತೂ ಗಾಳಿ ತಾಗಿದವಳಂತೆ ಮುಖ ಅರಳುತ್ತದೆ. ಕೊನೆಯ ಶರತ್ತು ಅವಳದೇ: ಒಂದು ದಿನ ಮುಂಚೆ ಕಾರಣ ಬರೆದು ತಿಳಿಸದೆ ಮಾಲೀಕರು ಒಳಗೆ ಬರುವಂತಿಲ್ಲ.

"ನನ್ನ ಮನೆಗೆ ನಾನೇ ಕೇಳ್ಕೊಂಡು ಹೋಗ್ಬೇಕಾ?" ಎಂದು ಮಾಲೀಕರು ಸಿಡುಕುತ್ತಾರೆ.

"ಕೊಟ್ಟ ಮೇಲೆ ಅದು ಅವರ ಮನೆ ಕಣ್ರೀ."

ಹೋದ ವರ್ಷ ಅವಳ ತಾಯಿ ತೀರಿಕೊಂಡರು. ಅವರಿದ್ದ ಮಹಡಿ ಕೋಣೆಯಲ್ಲಿ ಕರಾರಕ್ಕ ದಿನಾ ಸಂಜೆ ಸುಮ್ಮನೆ ಕೂರುತ್ತಿದ್ದಳು, ಗೋಡೆಯ ಮೇಲಿನ ಬಿಸಿಲು ಜಾರಿ ಹೋಗುವವರೆಗೆ. ತಂಗಿ ಹೀಗೇ ಕರಗಿಹೋಗುತ್ತಾಳೆಂದು ಹೆದರಿದ ಅವಳಣ್ಣ ತಲೆ ತಿಂದು ತಿಂದು ಆ ಕೋಣೆಯನ್ನು ಬಾಡಿಗೆಗೆ ಕೊಡಿಸಿದ. ಬಂದವಳು ಒಬ್ಬ ನರ್ಸ್.

ಆ ಕರಾರಿಗೆ ಸಾಕ್ಷಿ ನಾನು. ಓದಿದೆ. ಕೊನೆಯ ಶರತ್ತು ಇರಲಿಲ್ಲ.

"ಒಂದು ಬಿಟ್ಟು ಹೋಗಿದೆಯಲ್ಲಕ್ಕಾ."

"ಬಿಟ್ಟು ಹೋಗಿಲ್ಲ. ನಾನೇ ಬಿಟ್ಟೆ."

ನನಗೆ ರೇಗಿತು. "ಊರಿಗೆಲ್ಲ ಹೇಳೋ ನೀನೇ ಹೀಗ್ ಮಾಡಿದ್ರೆ ಹೇಗೆ? ಆ ಹುಡುಗಿ ಡ್ಯೂಟಿ ಮುಗಿಸಿ ಬಂದು ಮಲಗಿರ್ತಾಳೆ, ನೀನು ಹೋಗಿ ಕಿಟಕಿ ಹತ್ರ ಕೂರ್ತೀಯಾ?"

ಅವಳು ಕಣ್ಣು ಮುಚ್ಚಿದಳು. ಯಾವ ಮೆಟ್ಟಿಲು ಹತ್ತುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಕಣ್ಣು ತೆರೆದವಳು ಹಾಳೆಯನ್ನು ಮತ್ತೆ ಯಂತ್ರಕ್ಕೆ ಸಿಕ್ಕಿಸಿ ಆ ಶರತ್ತನ್ನೂ ಟೈಪ್ ಮಾಡಿದಳು. ನಾನು ಗೆದ್ದೆ, ಆದರೆ ಅಂದು ಮಧ್ಯಾಹ್ನ ಊಟ ಸೇರಲಿಲ್ಲ.

ಎರಡು ತಿಂಗಳ ಮೇಲೆ ನರ್ಸ್ ಒಂದು ಕಾಗದ ಹಿಡಿದು ನನ್ನ ಮೇಜಿಗೆ ಬಂದಳು. "ಅಣ್ಣಾ, ಇದನ್ನ ಬಾಗಿಲಡಿ ತಳ್ಳಿದ್ದಾರೆ. ಅರ್ಥ ಆಗ್ಲಿಲ್ಲ."

ಅಚ್ಚುಕಟ್ಟಾಗಿ ಟೈಪಾಗಿತ್ತು: ನಾಳೆ ಸಂಜೆ ಐದಕ್ಕೆ ತಮ್ಮ ಕೋಣೆಗೆ ಬರಲು ಅನುಮತಿ ಕೋರುತ್ತೇನೆ. ಕಾರಣ—

ಮುಂದೆ ಖಾಲಿ.

"ನಲ್ಲಿ ಸರಿಯಾಗಿದೆ, ಗೋಡೆ ಸರಿಯಾಗಿದೆ. ಯಾಕಂತೆ?"

"ಅದು ಅವರಮ್ಮನ ಕೋಣೆ ಕಣಮ್ಮಾ" ಎಂದೆ.

ಅವಳು ನನ್ನ ಪೆನ್ನು ತೆಗೆದುಕೊಂಡು, ಆ ಖಾಲಿ ಜಾಗದಲ್ಲಿ ತಾನೇ ಬರೆದಳು: ಅಮ್ಮನನ್ನು ನೋಡಲು.